ಮೊಣಕಾಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದರೆ ಕಣ್ಣಿನ ಪ್ರೆಶರ್ ಏರುತ್ತಾ?

ಪ್ರಶ್ನೆ (ಆಳಂದ ತಾಲ್ಲೂಕಿನಿಂದ): ನಮಸ್ಕಾರ ಡಾಕ್ಟರೇ. ನಮ್ಮವ್ವನಿಗೆ 63 ವರ್ಷ. ಎರಡೂ ಮೊಣಕಾಲು ಸವೆದಿವೆ. ಈ ಸಲ ತೊಗರಿ ರಾಶಿ ಮುಗಿದ ಮೇಲಂತೂ ಗೋಡೆ ಹಿಡಿಯದೆ ನೆಲದಿಂದ ಏಳಲು ಆಗುತ್ತಿಲ್ಲ. ಕಲಬುರಗಿಯಲ್ಲಿ ಮೂಳೆ ಡಾಕ್ಟರು ಬಲಗಾಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕೋಣ ಎಂದಿದ್ದಾರೆ. ಬೇರೆ ಔಷಧಿ ಏನಾದರೂ ನಡೆದಿದೆಯಾ ಎಂದು ಕೇಳಿದರು. ಅವ್ವ, "ಬಿಪಿ ಗುಳಿಗಿ ಒಂದೇ ರೀ" ಅಂದಳು. ನನಗೂ ಹೊಳೆಯಲಿಲ್ಲ. ರಾತ್ರಿ ಫ್ರಿಜ್ ತೆಗೆದಾಗ ಅವ್ವನ ಗ್ಲಾಕೋಮಾ (ಹೆಚ್ಚಾಗಿ ಕಣ್ಣಿನ ಪ್ರೆಶರ್ ಏರಿ ಕಣ್ಣಿನ ನರ ಕೆಡುವ ಕಾಯಿಲೆ) ಡ್ರಾಪ್ಸ್ ಕಂಡಿತು. ನಾಲ್ಕು ವರ್ಷದಿಂದ ದಿನಾ ನಾನೇ ಹಾಕುತ್ತಿದ್ದೇನೆ! ಕಾಲಿಗೆ ಹಾಕಿದ ಔಷಧಿ ಕಣ್ಣಿಗೆ ಹೋಗುತ್ತಾ?

ಉತ್ತರ (ಕಣ್ಣಿನ ವೈದ್ಯ): ಕೇಳಿದ್ದು ಬಹಳ ಒಳ್ಳೆಯದಾಯಿತು ತಂಗಿ. ಸ್ವಲ್ಪ ಹೋಗುತ್ತದೆ. ಕೀಲಿನೊಳಗೆ ಹಾಕಿದ್ದು ಪೂರ್ತಿ ಅಲ್ಲೇ ಉಳಿಯುವುದಿಲ್ಲ, ಮೆಲ್ಲಗೆ ರಕ್ತಕ್ಕೆ ಸೇರುತ್ತದೆ. ಕಣ್ಣೊಳಗೆ ಸದಾ ನೀರು ಹುಟ್ಟಿ, ಸಣ್ಣ ಜಾಲರಿಯಂಥ ಜಾಗದಿಂದ ಹೊರಗೆ ಹರಿಯುತ್ತಿರುತ್ತದೆ. ಕೆಲವರಲ್ಲಿ ಸ್ಟೀರಾಯ್ಡ್‌ನಿಂದ ಆ ದಾರಿ ಬಿಗಿಯಾಗುತ್ತದೆ. ಬಚ್ಚಲ ತೂತಿಗೆ ಕಸ ಸಿಕ್ಕರೆ ನೀರು ನಿಲ್ಲುತ್ತದಲ್ವಾ, ಹಾಗೆ. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದೊಳಗೆ ಇರುವ ಪ್ರೆಶರ್ ಮೇಲೆ ಹೋಗುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ಸ್ಟೀರಾಯ್ಡ್ ಡ್ರಾಪ್ಸನ್ನು ನೇರವಾಗಿ ಕಣ್ಣಿಗೇ ಹಾಕಿದಾಗ ಇರುವಷ್ಟು ಅಪಾಯ ಇದರಲ್ಲಿಲ್ಲ. ಆದರೆ ಗ್ಲಾಕೋಮಾ ಇರುವವರಿಗೆ, ಮನೆಯಲ್ಲಿ ಹಿರಿಯರಿಗೆ ಇದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ ಜಾಸ್ತಿ ಎಚ್ಚರ ಬೇಕು.

ಅವ್ವ ನಡೆದಾಡುವುದೂ ಮುಖ್ಯ. ಹಾಗಾಗಿ ಇಂಜೆಕ್ಷನ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮೊದಲು ಕಣ್ಣಿನ ಪ್ರೆಶರ್ ಅಳೆಸಿ, ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಆ ಚೀಟಿ, ಡ್ರಾಪ್ಸ್ ಬಾಟಲಿ ಎರಡನ್ನೂ ಮೂಳೆ ಡಾಕ್ಟರ ಮುಂದಿಡಿ. ಹಾಕಿಸಿದರೆ ಒಂದೆರಡು ವಾರಕ್ಕೆ ಒಮ್ಮೆ, ಒಂದೂವರೆ ತಿಂಗಳೊಳಗೆ ಇನ್ನೊಮ್ಮೆ ಅಳೆಸಿ. ನೋವಿಲ್ಲ, ಕೆಂಪಾಗಿಲ್ಲ ಎಂದು ಸುಮ್ನೆ ಕೂರಬೇಡಿ. ಪ್ರೆಶರ್ ಏರಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ನರ ಕೆಟ್ಟು ಹೋದ ನೋಟ ಮರಳಿ ಬರುವುದಿಲ್ಲ. ರಾತ್ರಿಯ ಹನಿ ಒಂದು ದಿನವೂ ತಪ್ಪಬಾರದು.

ಇನ್ನೊಬ್ಬರು (ಬೀದರ್): ಸರ್, ನಾನು ಹತ್ತು ದಿನದ ಹಿಂದೆ ಹಾಕಿಸಿಕೊಂಡೆ. ಸಕ್ಕರೆ ಕಾಯಿಲೆ ಇದೆ, ಯಾರೂ ಏನೂ ಹೇಳಲಿಲ್ಲ. ಮರುದಿನ ಶುಗರ್ 300 ದಾಟಿತು. ಈಗ ಕಣ್ಣು ಮಂಜು.

ಉತ್ತರ: ಅಣ್ಣಾ, ಈ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುವುದುಂಟು. ಮುಂಚೆಯೇ ಹೇಳಬೇಕಿತ್ತು. ಶುಗರ್ ಏರುಪೇರಾದರೆ ಕಣ್ಣಿನ ಮಸೂರ ಉಬ್ಬಿ ಮಂಜಾಗಬಹುದು, ಹತೋಟಿಗೆ ಬಂದ ಮೇಲೆ ತಿಳಿಯಾಗಬಹುದು. ಆದರೆ ಅದೇ ಕಾರಣ ಎಂದು ನೋಡದೆ ಹೇಳಲಾರೆ. ಈ ವಾರವೇ ಪ್ರೆಶರ್, ರೆಟಿನಾ (ಕಣ್ಣಿನ ಹಿಂದಿನ ಪರದೆ) ಎರಡೂ ನೋಡಿಸಿ. ಕಣ್ಣು ಜೋರಾಗಿ ನೋಯುವುದು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಶುರುವಾದರೆ ವಾರದವರೆಗೆ ಕಾಯಬೇಡಿ, ಅವತ್ತೇ ಹೋಗಿ.

ಆಳಂದದವರು: ಬಾಟಲಿಯನ್ನು ಈಗಲೇ ಅವ್ವನ ಚೀಲದಲ್ಲಿ ಹಾಕಿಟ್ಟೆ ಡಾಕ್ಟರೇ. ಸೋಮವಾರ ಮೊದಲು ಕಣ್ಣಿನ ಆಸ್ಪತ್ರೆ, ಆಮೇಲೆ ಕಾಲಿನದು.