ಮಾವ ಕಳಿಸಿದ ಫಾರ್ವರ್ಡ್

ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ತಂದೆ ತಾಯಂದಿರೇ ಎಚ್ಚರ!! ನಿಮ್ಮ ಮಕ್ಕಳು ಯಾವಾಗಲೂ ಕಪ್ಪು ಬಟ್ಟೆ, ಕಪ್ಪು ಲಿಪ್‌ಸ್ಟಿಕ್ ಹಾಕುತ್ತಾರಾ? ಇದು ಗಾಥ್ ಎಂಬ ಸೈತಾನನ ಪಂಥ. ಇವರು ಸಾವನ್ನು ಪೂಜಿಸುತ್ತಾರೆ. ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದವರು ಇವರೇ. ಗಾಥ್ ಮಕ್ಕಳಲ್ಲಿ ಅರ್ಧದಷ್ಟು ಜನ ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಾರೆ ಎಂದು ವಿಜ್ಞಾನಿಗಳೇ ಹೇಳಿದ್ದಾರೆ. ಈಗಲೇ ತಡೆಯಿರಿ. 10 ಜನರಿಗೆ ಕಳಿಸಿ.

ಚಿಕ್ಕಮ್ಮ: ಅಯ್ಯೋ ದೇವರೇ, ನಿಜಾನಾ ಇದು?

ಮಾವ: ನಾನು ಯಾರ ಹೆಸರನ್ನೂ ಹೇಳುತ್ತಿಲ್ಲ. ಅರ್ಥ ಆಗಬೇಕಾದವರಿಗೆ ಅರ್ಥ ಆಗುತ್ತದೆ.

ಅಕ್ಕ: ನನಗೆ ಅರ್ಥ ಆಯಿತು ಮಾವ. ನನ್ನ ಮಗಳ ಬಗ್ಗೆ ಹೇಳುವುದಿದ್ದರೆ ನನಗೇ ಫೋನ್ ಮಾಡಬಹುದಿತ್ತು. ಅವಳೂ ಈ ಗುಂಪಿನಲ್ಲಿದ್ದಾಳೆ.

ದೊಡ್ಡಪ್ಪ: ಜಗಳ ಬೇಡ. ಮಾವ ಹೇಳಿದ್ದರಲ್ಲಿ ತಪ್ಪೇನಿದೆ? 17 ವರ್ಷದ ಹುಡುಗಿ ಸಮಾಧಿಯಿಂದ ಎದ್ದು ಬಂದವಳ ಹಾಗೆ ಯಾಕೆ ಕಾಣಿಸಬೇಕು? ಆ ಹೆಸರನ್ನೇ ನೋಡಿ. ಗಾಥರು ಅಂದರೆ ಕ್ರಿ.ಶ. 410ರಲ್ಲಿ ರೋಮ್ ಲೂಟಿ ಮಾಡಿದ ಬುಡಕಟ್ಟಿನವರು.

ನಾನು: ದೊಡ್ಡಪ್ಪ, ಹೆಸರಿನ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ರೋಮ್ ಲೂಟಿಯಾಗಿ ಸಾವಿರ ವರ್ಷ ಕಳೆದ ಮೇಲೆ ಇಟಲಿಯ ಪಂಡಿತರಿಗೆ ಚೂಪು ಕಮಾನಿನ ದೊಡ್ಡ ಚರ್ಚುಗಳು ಇಷ್ಟ ಆಗಲಿಲ್ಲ. ‘ಇದು ಗಾಥರ ಕೆಲಸ, ಕಾಡುಜನರ ಕೆಲಸ’ ಎಂದು ಹೀಗಳೆದರು. ಅವನ್ನು ಕಟ್ಟಿದವರು ಗಾಥರು ಅಲ್ಲವೇ ಅಲ್ಲ. ಬೈಗುಳವೇ ಹೆಸರಾಗಿ ಉಳಿಯಿತು. ಇವತ್ತು ಅದೇ ಚರ್ಚುಗಳನ್ನು ನೋಡಲು ಜನ ಸಾಲುಗಟ್ಟಿ ನಿಲ್ಲುತ್ತಾರೆ.

ನಾನು: ಈ ಗಾಥ್ ಶುರುವಾದದ್ದು ಹಾಡಿನಿಂದ, ಪೂಜೆಯಿಂದ ಅಲ್ಲ. ಇಂಗ್ಲೆಂಡಿನಲ್ಲಿ 1970ರ ದಶಕದ ಕೊನೆಗೆ ಪಂಕ್ ಎಂಬ ಗದ್ದಲದ ರಾಕ್ ಸಂಗೀತದ ಅಬ್ಬರ ಇಳಿಯುತ್ತಿತ್ತು. ಆಗ ಕೆಲವು ಬ್ಯಾಂಡ್‌ಗಳು ನಿಧಾನವಾದ, ಕತ್ತಲು ತುಂಬಿದ ಹಾಡು ಮಾಡಿದವು. ಬೌಹೌಸ್ ಬ್ಯಾಂಡಿನ ಮೊದಲ ಹಾಡು 1979ರಲ್ಲಿ ಬಂತು, 9 ನಿಮಿಷಕ್ಕೂ ಜಾಸ್ತಿ ಇದೆ. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಎಂಬ ಕ್ಲಬ್ ಶುರುವಾಯಿತು. ಬಿಳಿಚಿದ ಮುಖ, ಕಪ್ಪು ಕಾಡಿಗೆ, ಲೇಸ್, ಕೆದರಿದ ಕೂದಲು, ಎಲ್ಲ ಅಂಥ ಕಡೆ ಬೆಳೆದು ಬಂದವು. ಅದಕ್ಕೆ ದೇವರೂ ಇಲ್ಲ, ಗುರುವೂ ಇಲ್ಲ. ಚರ್ಚಿಗೆ ಹೋಗುವ ಗಾಥ್‌ಗಳೂ ಇದ್ದಾರೆ, ದೇವರನ್ನೇ ನಂಬದವರೂ ಇದ್ದಾರೆ.

ಚಿಕ್ಕಮ್ಮ: ಆದರೂ ಕಪ್ಪೇ ಯಾಕೆ? ನೋಡಿದರೆ ಮನಸ್ಸಿಗೆ ಒಂಥರಾ ಆಗುತ್ತದೆ.

ನಾನು: ಆಗುತ್ತದೆ ಚಿಕ್ಕಮ್ಮ, ಸುಳ್ಳು ಹೇಳುವುದಿಲ್ಲ. ನನಗೂ ಮೊದಲು ಆಗಿತ್ತು. ವಿಕ್ಟೋರಿಯಾ ರಾಣಿ 1861ರಲ್ಲಿ ಗಂಡ ತೀರಿಕೊಂಡ ಮೇಲೆ ಸುಮಾರು 40 ವರ್ಷ ಕಪ್ಪು ಬಿಟ್ಟು ಬೇರೆ ಹಾಕಲಿಲ್ಲ. ಆ ಕಾಲದ ಶೋಕದ ಉಡುಪನ್ನೇ ಈ ಮಕ್ಕಳು ಚೆಂದ ಎಂದು ಎತ್ತಿಕೊಂಡರು. ಸಾವನ್ನು ಬಚ್ಚಿಡದೆ ಅದರ ಬಗ್ಗೆ ಹಾಡುತ್ತಾರೆ, ಅಷ್ಟೇ. ಪೂಜೆ ಅಲ್ಲ.

ಮಾವ: ಹಾಡು, ಬಟ್ಟೆ ಎಲ್ಲ ಸರಿ. ಕೊಲಂಬೈನ್ ವಿಷಯ ಹೇಳು. ಅದು ಸುಳ್ಳಾ?

ನಾನು: ಹೌದು ಮಾವ, ಸುಳ್ಳು. ಗುಂಡಿನ ದಾಳಿ ನಡೆದದ್ದು ನಿಜ, 1999ರ ಏಪ್ರಿಲ್ 20ರಂದು. ಆದರೆ ಆ ಇಬ್ಬರು ಹುಡುಗರು ಗಾಥ್ ಆಗಿರಲಿಲ್ಲ. ಉದ್ದ ಕೋಟು ಹಾಕಿದ್ದರು ಎಂದು ಟಿವಿಯವರು ಮೊದಲ ದಿನಗಳಲ್ಲೇ ಗಾಥ್ ಎಂದು ಕೂಗಿದರು. ತನಿಖೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ಕೂಗಿದ್ದು ಮಾತ್ರ ಉಳಿಯಿತು. 25 ವರ್ಷ ದಾಟಿದರೂ ನಿಮ್ಮ ಫೋನಿಗೆ ಬರುತ್ತಿದೆ ನೋಡಿ.

ನಾನು: ಆ ಹೆದರಿಕೆಗೆ ದುಡ್ಡನ್ನೂ ಸುರಿದರು. 2002ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಬ್ಲೂ ಸ್ಪ್ರಿಂಗ್ಸ್ ಊರಿಗೆ ಗಾಥ್ ಹಾವಳಿ ತಡೆಯಿರಿ ಎಂದು ಸರ್ಕಾರ 2,73,000 ಡಾಲರ್ ಕೊಟ್ಟಿತು. ಹುಡುಕಿದರೆ ಹಾವಳಿಯೇ ಇಲ್ಲ. ಕೊನೆಗೆ ಸುಮಾರು 1,32,000 ಡಾಲರ್ ವಾಪಸ್ ಮಾಡಿದರು.

ದೊಡ್ಡಪ್ಪ: ನೀನು ಒಂದನ್ನು ಬಿಟ್ಟೆ. ಮಕ್ಕಳು ಗಾಯ ಮಾಡಿಕೊಳ್ಳುವ ವಿಷಯ. ಅದಕ್ಕೂ ಸುಳ್ಳು ಅನ್ನುತ್ತೀಯಾ?

ನಾನು: ಇಲ್ಲ ದೊಡ್ಡಪ್ಪ. ಇದನ್ನು ಸುಳ್ಳು ಎಂದು ತಳ್ಳಿಹಾಕುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಾನು: ‘ಅರ್ಧದಷ್ಟು’ ಎಂಬ ಮಾತು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದ ಒಂದು ಅಧ್ಯಯನದಿಂದ, 2006ರದ್ದು. 1,258 ಮಕ್ಕಳನ್ನು ಕೇಳಿದ್ದರು. ಅವರಲ್ಲಿ ತಾವು ಗಾಥ್ ಎಂದವರು ತುಂಬಾ ಕಡಿಮೆ ಇದ್ದರು. ಅಷ್ಟು ಜನರ ಅರ್ಧವನ್ನು ಹಿಡಿದು ಲೋಕದ ಎಲ್ಲ ಗಾಥ್ ಮಕ್ಕಳ ಅರ್ಧ ಎನ್ನಲು ಆಗುವುದಿಲ್ಲ. ಆಮೇಲೆ 2015ರಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡದೊಂದು ಅಧ್ಯಯನ ಬಂತು. 3,694 ಮಕ್ಕಳು. 15ನೇ ವಯಸ್ಸಿನಲ್ಲಿ ‘ನೀನು ಗಾಥ್ ಅನಿಸುತ್ತದಾ’ ಎಂದು ಕೇಳಿ, 18ಕ್ಕೆ ಮತ್ತೆ ನೋಡಿದರು. ತುಂಬಾ ಗಾಥ್ ಎಂದವರಲ್ಲಿ ಖಿನ್ನತೆ ಮೂರು ಪಟ್ಟು ಜಾಸ್ತಿ ಇತ್ತು. ಗಾಯ ಮಾಡಿಕೊಳ್ಳುವುದು ಹೆಚ್ಚುಕಡಿಮೆ ನಾಲ್ಕು ಪಟ್ಟು ಜಾಸ್ತಿ. ಇದು ಚಿಕ್ಕ ವಿಷಯ ಅಲ್ಲ.

ಮಾವ: ಅದನ್ನೇ ತಾನೇ ನಾನು ಹೇಳಿದ್ದು!

ನಾನು: ಇಲ್ಲ ಮಾವ. ನೀವು ಹೇಳಿದ್ದು ‘ಬಟ್ಟೆ ತಡೆಯಿರಿ’ ಎಂದು. ಗಾಥ್ ಆದದ್ದರಿಂದಲೇ ಹೀಗಾಯಿತು ಎಂದು ಆ ಅಧ್ಯಯನ ಮಾಡಿದವರು ಹೇಳಲಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನ ಮೊದಲೇ ನೊಂದವರು. ಬೇರೆ ಮಕ್ಕಳ ಕೈಯಲ್ಲಿ ಪೀಡನೆ ಅನುಭವಿಸಿದವರು. ಎಲ್ಲೂ ಸೇರದ ಮಗು ತನ್ನಂಥವರು ಎಲ್ಲಿದ್ದಾರೆ ಎಂದು ಹುಡುಕುತ್ತದೆ. ಅಲ್ಲಿ ಯಾರೋ ‘ಬಾ, ಕೂತುಕೋ’ ಅನ್ನುತ್ತಾರೆ. ನಾವು ಹೋಗಿ ಬಟ್ಟೆ ಕಿತ್ತುಕೊಂಡರೆ ನೋವು ಹಾಗೇ ಉಳಿಯುತ್ತದೆ, ಜೊತೆಗಿದ್ದವರು ಮಾತ್ರ ಹೋಗುತ್ತಾರೆ. ಇನ್ನೊಂದು ಮಾತು. ತುಂಬಾ ಗಾಥ್ ಎಂದವರಲ್ಲೂ ಹೆಚ್ಚಿನವರಿಗೆ ಖಿನ್ನತೆ ಬರಲಿಲ್ಲ.

ಅಕ್ಕ: ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ನೀನು?

ನಾನು: ಹೇಳಬೇಕಿತ್ತು ಅಕ್ಕ. ತಪ್ಪು ನನ್ನದೇ.

ಚಿಕ್ಕಮ್ಮ: ಎಲ್ಲ ಕಡೆಯೂ ಜನ ಹೀಗೇ ಹೆದರುತ್ತಾರಾ ಇವರನ್ನು ಕಂಡರೆ?

ನಾನು: ಇಲ್ಲ ಚಿಕ್ಕಮ್ಮ. ಇಂಗ್ಲೆಂಡಿನಲ್ಲಿ ವಿಟ್ಬಿ ಎಂಬ ಕಡಲ ತೀರದ ಊರಿದೆ. ಡ್ರಾಕುಲಾ ಕಾದಂಬರಿಯಲ್ಲಿ ಹಡಗು ಬಂದು ದಡಕ್ಕೆ ಬಡಿಯುವುದು ಅಲ್ಲೇ. 1994ರಿಂದ ಅಲ್ಲಿ ಗಾಥ್‌ಗಳು ಸೇರುತ್ತಾರೆ. ಅಂಗಡಿಯವರು, ಹೋಟೆಲಿನವರು ಸಂತೋಷದಿಂದ ಕರೆಯುತ್ತಾರೆ. ಹಾಗಂತ ತಕರಾರು ಇಲ್ಲವೇ ಇಲ್ಲ ಅನ್ನುವುದಿಲ್ಲ. ಅಲ್ಲಿನ ಚರ್ಚಿನವರಿಗೆ ಜನ ಸಮಾಧಿಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದು ನೋವು ಕೊಟ್ಟಿತು. ಅದು ನ್ಯಾಯವಾದ ಮಾತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರತಿ ವರ್ಷ ಸುಮಾರು 20,000 ಜನ ಸೇರುತ್ತಾರೆ. ಊರಿಗೆ ಅದು ರೂಢಿಯಾಗಿದೆ.

ದೊಡ್ಡಪ್ಪ: ಸರಿ. ಆದರೂ ಲೋಕ ಏನನ್ನುತ್ತದೆ ಎಂಬುದನ್ನೂ ನೋಡಬೇಕಲ್ಲವಾ? ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ. ನನಗೆ ಅವಳ ಬಗ್ಗೆ ಹೆದರಿಕೆ ಇಲ್ಲ. ಅವಳಿಗೆ ಯಾರಾದರೂ ಏನಾದರೂ ಮಾಡಿದರೆ?

ನಾನು: ಈಗ ನಿಜವಾದ ಪ್ರಶ್ನೆ ಕೇಳಿದಿರಿ ದೊಡ್ಡಪ್ಪ. ಅಪಾಯ ಇರುವುದು ಕಪ್ಪು ಬಟ್ಟೆಯವರಿಂದ ಅಲ್ಲ, ಕಪ್ಪು ಬಟ್ಟೆಯವರಿಗೆ. ಸೋಫಿ ಲ್ಯಾಂಕಾಸ್ಟರ್ ಎಂಬ ಹುಡುಗಿ. 20 ವರ್ಷ. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಬೇಕಪ್ ಊರಿನಲ್ಲಿ 2007ರ ಆಗಸ್ಟ್ 11ರ ನಡುರಾತ್ರಿ ದಾಟಿದ ಮೇಲೆ ಗೆಳೆಯನ ಜೊತೆ ಪಾರ್ಕಿನಲ್ಲಿದ್ದಳು. ಒಂದಷ್ಟು ಹುಡುಗರು ಮೊದಲು ಗೆಳೆಯನ ಮೇಲೆ ಬಿದ್ದರು. ಅವನಿಗೆ ಪ್ರಜ್ಞೆ ತಪ್ಪಿತು. ಅವಳು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಪಾಡಲು ನೋಡಿದಳು. ಆಮೇಲೆ ಅವಳನ್ನೇ ಒದ್ದರು. 13 ದಿನ ಆದ ಮೇಲೆ ತೀರಿಕೊಂಡಳು. ಕಾರಣ ಏನು? ಅವರಿಬ್ಬರೂ ಬೇರೆ ಥರ ಕಾಣುತ್ತಿದ್ದರು. ಅಷ್ಟೇ.

ಚಿಕ್ಕಮ್ಮ: ಕಣ್ಣಲ್ಲಿ ನೀರು ಬಂತು. ಅವಳ ಅಮ್ಮ?

ನಾನು: ಅಮ್ಮನ ಹೆಸರು ಸಿಲ್ವಿಯಾ. ಮಗಳ ಹೆಸರಿನಲ್ಲಿ ಒಂದು ಸಂಸ್ಥೆ ಕಟ್ಟಿದರು. ಶಾಲೆಗಳಿಗೆ ಹೋಗಿ, ಬೇರೆ ಥರ ಕಾಣುವವರನ್ನು ದ್ವೇಷಿಸಬೇಡಿ ಎಂದು ಮಕ್ಕಳ ಹತ್ತಿರ ಮಾತನಾಡಿದರು. 2022ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಗಾಥ್ ಮತ್ತು ಅಂಥವರ ಮೇಲಿನ ಹಲ್ಲೆಯನ್ನು ದ್ವೇಷದ ಅಪರಾಧ ಎಂದು ದಾಖಲಿಸಲು ಶುರು ಮಾಡಿದರು. ಬ್ರಿಟನ್ನಿನಲ್ಲಿ ಅದೇ ಮೊದಲು.

ನಾನು: ಮಾವ, ಕೋಪ ಮಾಡಿಕೊಳ್ಳಬೇಡಿ. ಸೋಫಿಯನ್ನು ಒದ್ದ ಹುಡುಗರಲ್ಲಿ ಕೊಲೆಗಾರರು ಎಂದು ತೀರ್ಮಾನವಾದ ಇಬ್ಬರಿಗೆ ಶಿಕ್ಷೆಯಾಗುವಾಗ 15, 16 ವರ್ಷ. ‘ಇವರು ವಿಚಿತ್ರ, ಇವರು ಬೇರೆ’ ಅನ್ನುವುದನ್ನು ಅಷ್ಟು ಚಿಕ್ಕವರು ಎಲ್ಲೋ ಕೇಳಿಯೇ ಕಲಿತಿರಬೇಕು. ಇಂಥ ಸಂದೇಶ ಓದಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಮಾವ: ನಾನು ಕೆಟ್ಟ ಮನಸ್ಸಿನಿಂದ ಕಳಿಸಲಿಲ್ಲ. ಮಗು ಚೆನ್ನಾಗಿರಲಿ ಎಂದು ಕಳಿಸಿದೆ.

ನಾನು: ಗೊತ್ತು ಮಾವ. ಅದಕ್ಕೇ ಇಷ್ಟು ಹೊತ್ತು ಕೂತು ಬರೆಯುತ್ತಿದ್ದೇನೆ.

ಪುಟ್ಟಿ: ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಉತ್ತರ ಕೊಡಬಾರದು ಅಂದುಕೊಂಡಿದ್ದೆ.

ಪುಟ್ಟಿ: ಹೋದ ವರ್ಷ ನಾನು ಯಾರ ಹತ್ತಿರವೂ ಮಾತನಾಡುತ್ತಿರಲಿಲ್ಲ. ಕ್ಲಾಸಿನಲ್ಲಿ ಕೆಲವರು ತುಂಬಾ ಕಾಡುತ್ತಿದ್ದರು. ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆಗ ಹಳದಿ, ತಿಳಿನೀಲಿ ಬಟ್ಟೆಗಳನ್ನೇ ಹಾಕುತ್ತಿದ್ದೆ. ಫೋಟೋದಲ್ಲಿ ನಗುತ್ತಿದ್ದೆ. ಎಷ್ಟು ಚೆನ್ನಾಗಿದ್ದಾಳೆ ಎಂದು ಎಲ್ಲರೂ ಇದೇ ಗುಂಪಿನಲ್ಲಿ ಹೇಳಿದ್ದಿರಿ.

ಪುಟ್ಟಿ: ಈ ಹಾಡು ಕೇಳಲು ಶುರು ಮಾಡಿದ ಮೇಲೆ ಇಬ್ಬರು ಗೆಳತಿಯರು ಸಿಕ್ಕಿದರು. ಅವರ ಮುಂದೆ ಸುಮ್ನೆ ನಗಬೇಕಾಗಿಲ್ಲ. ಐಲೈನರ್ ಸರಿಯಾಗಿ ಹಾಕಲು ನನಗೆ 40 ನಿಮಿಷ ಬೇಕು. ಅಷ್ಟು ಹೊತ್ತು ಕನ್ನಡಿ ನೋಡುತ್ತೇನೆ. ಹೋದ ವರ್ಷ ಕನ್ನಡಿ ನೋಡಲು ಇಷ್ಟ ಇರಲಿಲ್ಲ.

ಅಕ್ಕ: ಕಂದಾ. ನಾನು ಒಂದೇ ಮನೆಯಲ್ಲಿದ್ದೆ. ನನಗೆ ಗೊತ್ತಾಗಲಿಲ್ಲ. ರೂಮಿಗೆ ಬರುತ್ತಿದ್ದೇನೆ.

ಚಿಕ್ಕಮ್ಮ: ಹೋಗು, ಮೊದಲು ಹೋಗು.

ಮಾವ: ಇಲ್ಲಿ ಅಳಿಸಿದ್ದೇನೆ. ಕಪ್ಪು ಲಿಪ್‌ಸ್ಟಿಕ್ ನನಗೆ ಇವತ್ತಿಗೂ ಇಷ್ಟ ಆಗುವುದಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ನಾನು: ಇಷ್ಟ ಆಗಲೇಬೇಕು ಎಂದು ಯಾರೂ ಕೇಳುತ್ತಿಲ್ಲ ಮಾವ. ಇನ್ನೆಷ್ಟು ಗುಂಪಿಗೆ ಕಳಿಸಿದ್ದೀರಿ?

ಮಾವ: ನಾಲ್ಕು. ಅಲ್ಲೂ ಅಳಿಸುತ್ತೇನೆ. ಆ ಸೋಫಿಯ ವಿಷಯ ಬರೆದೆಯಲ್ಲ, ಅದನ್ನು ಅಲ್ಲಿಗೆ ಕಳಿಸಲಾ?

ನಾನು: ಕಳಿಸಿ ಮಾವ.

ದೊಡ್ಡಪ್ಪ: ಪುಟ್ಟಿ, ಕ್ಲಾಸಿನಲ್ಲಿ ಕಾಡುತ್ತಿದ್ದವರು ಈಗಲೂ ಇದ್ದಾರಾ? ಸಂಜೆ ನಾನು ಫೋನ್ ಮಾಡಲಾ? ನೀನು ಹೇಳು, ನಾನು ಕೇಳುತ್ತೇನೆ.

ಪುಟ್ಟಿ: ಮಾಡಿ ತಾತ. ಆರು ಗಂಟೆ ಆದ ಮೇಲೆ ಮಾಡಿ. ಈಗ ಅಮ್ಮ ಬಂದಿದ್ದಾರೆ.