ಹಳೇ ಯೂನಿವರ್ಸಿಟಿ ಪಕ್ಕದಲ್ಲಿ ಬಾಡಿಗೆ ಮನೆ: ಸಹಿ ಹಾಕುವ ಮುಂಚೆ ಏನು ನೋಡಬೇಕು?

ಪ್ರಶ್ನೆ:
ಎಂ.ಎ. ಸೀಟು ಸಿಕ್ಕಿದೆ. ಕ್ಯಾಂಪಸ್ಸಿನ ಹಳೇ ಗೇಟಿನ ಎದುರಿಗೇ ಒಂದು ಅಪಾರ್ಟ್‌ಮೆಂಟ್ ನೋಡಿದೆ. ಕಲ್ಲಿನ ಗೋಡೆ, ಎತ್ತರದ ಚಾವಣಿ, ಕಿಟಕಿಯಿಂದ ಗಡಿಯಾರದ ಗೋಪುರ ಕಾಣುತ್ತದೆ. ಇಬ್ಬರು ಗೆಳತಿಯರ ಜೊತೆ ಇರುವ ಯೋಚನೆ. ಏನೇನು ವಿಚಾರಿಸಲಿ?

ಉತ್ತರ 1:
ಅಂಥದ್ದೇ ಮನೆಯಲ್ಲಿದ್ದು ಓದಿದವಳು ನಾನು. ಮೊದಲು ಗೋಡೆ ಮುಟ್ಟಿ ನೋಡಿ. ಬೀರುವಿನ ಹಿಂದೆ, ಕಿಟಕಿಯ ಕೆಳಗೆ, ಬಚ್ಚಲಿನ ಪಕ್ಕದ ಮೂಲೆಯಲ್ಲಿ. ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ತೇವ ಮುಚ್ಚಿರುವ ಸಾಧ್ಯತೆ ಜಾಸ್ತಿ. ಮೂಗಿಗೂ ಗೊತ್ತಾಗುತ್ತದೆ. ದಪ್ಪ ಕಲ್ಲಿನ ಗೋಡೆ ದಾಟಿ ವೈಫೈ ಸರಿಯಾಗಿ ಬರುವುದಿಲ್ಲ, ಓದಲು ಕೂರುವ ಜಾಗದಲ್ಲೇ ನಿಂತು ಸಿಗ್ನಲ್ ನೋಡಿ. ಪಾರಂಪರಿಕ ಕಟ್ಟಡವಾದರೆ ಕಿಟಕಿ ಬದಲಿಸಲು ಮಾಲೀಕರಿಗೇ ಅನುಮತಿ ಬೇಕಾಗಬಹುದು. ಹಾಗಾಗಿ ‘ಆಮೇಲೆ ಮಾಡಿಸಿಕೊಡ್ತೀನಿ’ ಅಂದರೆ ಬರವಣಿಗೆಯಲ್ಲಿ ತಗೊಳ್ಳಿ. ಇಷ್ಟೆಲ್ಲ ಹೇಳಿದರೂ, ಬೆಳಿಗ್ಗೆ ಎದ್ದು ನಡೆದುಕೊಂಡೇ ಲೈಬ್ರರಿಗೆ ಹೋಗುವ ಸುಖ ಬೇರೆಲ್ಲೂ ಸಿಗುವುದಿಲ್ಲ.

ಉತ್ತರ 2:
ಗೋಪುರದ ಗಂಟೆ ರಾತ್ರಿಯೂ ಹೊಡೆಯುತ್ತದಾ ಕೇಳಿ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ದೊಡ್ಡ ಗಂಟೆ ರಾತ್ರಿ 9:05ಕ್ಕೆ 101 ಸಲ ಹೊಡೆಯುತ್ತದೆ!

ಪ್ರಶ್ನೆ ಕೇಳಿದವರು:
ಗಂಟೆಯ ವಿಷಯ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಮೂವರೂ ಒಂದೇ ಕರಾರಿಗೆ ಸಹಿ ಹಾಕಬಹುದಾ?

ಉತ್ತರ 1:
ಹಾಕಬಹುದು. ಆದರೆ ಒಬ್ಬರು ಮಧ್ಯದಲ್ಲಿ ಬಿಟ್ಟುಹೋದರೆ ಅವರ ಪಾಲಿನ ಬಾಡಿಗೆ ಯಾರು ಕಟ್ಟಬೇಕು ಅಂತ ಓದಿ ನೋಡಿ. ಜಂಟಿ ಕರಾರಿನಲ್ಲಿ ಸಾಮಾನ್ಯವಾಗಿ ಅದು ಉಳಿದವರ ತಲೆಗೇ ಬರುತ್ತದೆ. ಕೀಲಿ ಕೈಗೆ ಬಂದ ದಿನವೇ ಪ್ರತಿ ಕೋಣೆಯ ಫೋಟೋ ತೆಗೆದು ಮಾಲೀಕರಿಗೆ ಕಳಿಸಿಬಿಡಿ. ಡಿಪಾಸಿಟ್ ವಾಪಸ್ ಕೇಳುವಾಗ ಬೇಕಾಗುತ್ತದೆ.