ಐಸ್‌ಲ್ಯಾಂಡ್‌ನಲ್ಲಿ ನಾವೇ ಕಾರು ಓಡಿಸಿಕೊಂಡು ಪ್ರವಾಸ: ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಿ

ಡಬ್ಲಿನ್ ವಾಸಿ:
ಸೆಪ್ಟೆಂಬರ್ ಮೊದಲ ವಾರದಲ್ಲಿ ಐಸ್‌ಲ್ಯಾಂಡಿಗೆ ಹೊರಟಿದ್ದೇವೆ. ನಾವಿಬ್ಬರು, ಹತ್ತು ವರ್ಷದ ಮಗಳು, ಜೊತೆಗೆ ಊರಿನಿಂದ ಬಂದಿರುವ ನನ್ನ ತಾಯಿ. ಅವರಿಗೆ ಅರವತ್ತೆಂಟು ವರ್ಷ, ಮೊಣಕಾಲು ನೋವಿದೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ದ್ವೀಪವನ್ನು ಸುತ್ತುವ ಒಂದನೇ ನಂಬರಿನ ರಸ್ತೆಯನ್ನು ಪೂರ್ತಿ ಮುಗಿಸಬೇಕೇ, ದಕ್ಷಿಣ ಕರಾವಳಿಯಷ್ಟೇ ಸಾಕೇ? ಚಿಕ್ಕ ಕಾರು ಸಾಲುತ್ತದೆಯೇ, ಫೋರ್ ವೀಲ್ ಡ್ರೈವ್ ಬೇಕೇ? ಬಾಡಿಗೆಯವರು ತೋರಿಸುವ ಹತ್ತಾರು ವಿಮೆಗಳಲ್ಲಿ ನಿಜಕ್ಕೂ ಬೇಕಾದದ್ದು ಯಾವುದು?

ಆಮ್‌ಸ್ಟರ್‌ಡ್ಯಾಮ್ ಕನ್ನಡಿಗ:
ಕಾರು ಚಿಕ್ಕದೋ ದೊಡ್ಡದೋ ಎಂಬುದನ್ನು ಆಮೇಲೆ ನೋಡಿಕೊಳ್ಳಿ, ಮೊದಲು ಬಾಗಿಲಿನ ಬಗ್ಗೆ ತಿಳಿದುಕೊಳ್ಳಿ. ಸ್ಕಾಫ್ಟಾಫೆಟ್ಲ್ ಹತ್ತಿರದ ಮರಳು ಬಯಲಿನಲ್ಲಿ, ರಸ್ತೆಯ ಪಕ್ಕದಲ್ಲೇ, ತಿರುಚಿಕೊಂಡು ಬಿದ್ದ ಉಕ್ಕಿನ ತೊಲೆಗಳಿವೆ. 1996ರಲ್ಲಿ ವಾಟ್ನಾಯೋಕುಟ್ಲ್ ಹಿಮನದಿಯ ಅಡಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಕರಗಿ ನುಗ್ಗಿದ ಪ್ರವಾಹಕ್ಕೆ ಕೊಚ್ಚಿಹೋದ ಸೇತುವೆಯ ಅವಶೇಷ ಅದು. ಅದನ್ನು ನೋಡಲು ಕಾರು ನಿಲ್ಲಿಸಿ ನನ್ನ ಹೆಂಡತಿ ಬಾಗಿಲನ್ನು ಒಂದು ಗೇಣು ತೆರೆದಳಷ್ಟೇ, ಹಿಂದಿನಿಂದ ಬೀಸಿದ ಗಾಳಿ ಬಾಗಿಲನ್ನು ಅವಳ ಕೈಯಿಂದ ಕಿತ್ತುಕೊಂಡು ಮುಂದಿನ ಫೆಂಡರಿಗೆ ಅಪ್ಪಳಿಸಿತು. ಕೀಲು ಬಾಗಿತು. ಅಲ್ಲಿಂದ ಮುಂದೆ ಪ್ರವಾಸವೆಲ್ಲ ಆ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಅವಳು ಹಿಂದಿನ ಸೀಟಿನಲ್ಲಿ ಕುಳಿತೇ ಬಂದಳು.

ಬಿಲ್ಲಿನ ವಿವರ ಹೀಗಿದೆ: ಬಾಗಿಲು ಮತ್ತು ಕೀಲಿಗೆ 1,78,000 ಕ್ರೋನಾ, ಬಣ್ಣಕ್ಕೆ 62,000, ಕೂಲಿಗೆ 48,000, ಕಾರು ಬಾಡಿಗೆಗೆ ಹೋಗದೆ ನಿಂತ ದಿನಗಳ ನಷ್ಟವೆಂದು 24,000. ಒಟ್ಟು 3,12,000 ಕ್ರೋನಾ, ಅಂದರೆ ಎರಡು ಸಾವಿರ ಯೂರೋಗಿಂತ ಹೆಚ್ಚು. ‘ಸಂಪೂರ್ಣ ರಕ್ಷಣೆ’ ಎಂಬ ಹೆಸರಿನ ವಿಮೆಗೆ ದಿನದ ಲೆಕ್ಕದಲ್ಲಿ ಹಣ ಕಟ್ಟಿದ್ದೆ. ಗಾಳಿಯಿಂದ ಬಾಗಿಲಿಗೆ ಆಗುವ ಹಾನಿ ಅದರಲ್ಲಿ ಸೇರುವುದಿಲ್ಲವಂತೆ. ಕೌಂಟರಿನಲ್ಲಿ ನಿಂತ ಹುಡುಗ ಜಲ್ಲಿ, ಮರಳು, ಬೂದಿ ಎಲ್ಲವನ್ನೂ ವಿವರಿಸಿದ, ಈ ಮಾತೊಂದನ್ನು ಬಿಟ್ಟು. ಇದು ನಮ್ಮ ತಪ್ಪು ಎಂದು ಯಾರಾದರೂ ಇಲ್ಲಿ ಬರೆಯುವ ಮುನ್ನ ಒಮ್ಮೆ ಆ ಮರಳುಗಾಡಿನಲ್ಲಿ ನಿಂತು ನೋಡಲಿ.

ಬರ್ಲಿನ್‌ನಿಂದ ಬಸವನಗುಡಿ:
ಗಾಳಿಗೆ ಮುಖ ಮಾಡಿ ಕಾರು ನಿಲ್ಲಿಸಿದ್ದರೆ ಬಾಗಿಲನ್ನು ಗಾಳಿಯೇ ಮುಚ್ಚುತ್ತಿತ್ತು. ಇರಲಿ, ಆದದ್ದು ಆಯಿತು.

ನಾವು ಪೂರ್ತಿ ಸುತ್ತಿದ್ದು ಅತ್ಯಂತ ಚಿಕ್ಕ ಹ್ಯಾಚ್‌ಬ್ಯಾಕ್‌ನಲ್ಲಿ. ಬಾಡಿಗೆ 640 ಯೂರೋ. ಅದೇ ದಿನಗಳಿಗೆ ಫೋರ್ ವೀಲ್ ಡ್ರೈವಿಗೆ ಕೇಳಿದ್ದು 1,510. ಉಳಿದ 870 ಯೂರೋಗಳಲ್ಲಿ ಅಡುಗೆಮನೆ ಇರುವ ವಸತಿಗಳನ್ನು ಹಿಡಿದೆವು, ಹಿಮನದಿಯ ಮೇಲೆ ಮಾರ್ಗದರ್ಶಕರೊಂದಿಗೆ ನಡೆದೆವು, ಯೋಕುಲ್ಸಾರ್ಲೋನ್ ಸರೋವರದಲ್ಲಿ ಮಂಜುಗಡ್ಡೆಗಳ ನಡುವೆ ದೋಣಿಯಲ್ಲಿ ಹೋದೆವು. ಕುಕ್ಕರು, ತೊಗರಿಬೇಳೆ, ಸಾರಿನ ಪುಡಿ ಬರ್ಲಿನ್‌ನಿಂದಲೇ ಬಂದಿದ್ದವು. ತರಕಾರಿ, ಬ್ರೆಡ್ಡಿಗೆ ಬೋನಸ್ ಎಂಬ ಅಗ್ಗದ ಅಂಗಡಿಯಿದೆ, ಆದರೆ ಅದು ಬೆಳಿಗ್ಗೆ ತಡವಾಗಿ ತೆರೆಯುತ್ತದೆ. ಪೆಟ್ರೋಲಿಗೆ ಒಟ್ಟು 33,000 ಕ್ರೋನಾ ಆಯಿತು. ಹಲವು ಪಂಪುಗಳಲ್ಲಿ ಸಿಬ್ಬಂದಿ ಇರುವುದಿಲ್ಲ, ಕಾರ್ಡಿನ ಪಿನ್ ಗೊತ್ತಿರಲೇಬೇಕು. ‘ಟ್ಯಾಂಕ್ ಪೂರ್ತಿ’ ಎಂದು ಒತ್ತಿದರೆ ತುಂಬಿಸಿದ್ದಕ್ಕಿಂತ ಬಹಳ ದೊಡ್ಡ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಅದು ಬಿಡುಗಡೆಯಾಗಲು ದಿನಗಳೇ ಹಿಡಿಯುತ್ತವೆ. ಆದ್ದರಿಂದ ಮೊತ್ತವನ್ನು ನೀವೇ ಒತ್ತಿ.

ಒಂದನೇ ನಂಬರಿನ ರಸ್ತೆ ಡಾಂಬರಿನದು, ಗರಿಷ್ಠ ವೇಗ 90. ಡೆಟ್ಟಿಫಾಸ್ ಜಲಪಾತಕ್ಕೆ ಪಶ್ಚಿಮ ದಂಡೆಯ 862ರಲ್ಲಿ ಹೋದರೆ ಅದೂ ಡಾಂಬರು, ಪೂರ್ವ ದಂಡೆಯ 864 ಮಾತ್ರ ಜಲ್ಲಿ ರಸ್ತೆ. ಉತ್ತರದ ಅಕುರೇರಿ ಪಟ್ಟಣದ ಬಳಿ 7.4 ಕಿಲೋಮೀಟರ್ ಉದ್ದದ ಸುರಂಗವೊಂದಿದೆ, ಅಲ್ಲಿ ಟೋಲ್ ಗೇಟೇ ಇಲ್ಲ, ಜಾಲತಾಣದಲ್ಲಿ ನಾವೇ ಹುಡುಕಿ ಕಟ್ಟಬೇಕು. ನಾನು ಹಳೆಯ ಘಟ್ಟದ ದಾರಿಯಲ್ಲೇ ಹೋದೆ, ಹೆಚ್ಚೆಂದರೆ ಹದಿನಾರು ಕಿಲೋಮೀಟರ್ ಸುತ್ತು. ಎಲ್ಲವೂ ಚಿಕ್ಕ ಕಾರಿನಲ್ಲೇ ಮುಗಿದಿರುವಾಗ ಫೋರ್ ವೀಲ್ ಡ್ರೈವ್ ಎಂಬುದು ಫೋಟೋಗೆ ಬೇಕಾದ ಅಲಂಕಾರವಷ್ಟೇ.

ಶಿರಸಿಯವಳು, ಮ್ಯೂನಿಕ್:
ಮೇಲಿನವರು ನೋಡಿರುವುದು ದ್ವೀಪದ ಅಂಚನ್ನು. ಒಳನಾಡಿನ ರಸ್ತೆಗಳ ಸಂಖ್ಯೆಯ ಮುಂದೆ ಎಫ್ ಅಕ್ಷರವಿರುತ್ತದೆ, ಅಲ್ಲಿಗೆ ಅವರ ಹ್ಯಾಚ್‌ಬ್ಯಾಕ್ ಒಯ್ಯಲು ಕಾನೂನಿನ ಪ್ರಕಾರವೇ ಅವಕಾಶವಿಲ್ಲ. ಹೀಗಿರುವಾಗ ಅಲ್ಲಿಗೆ ಹೋಗಿ ಬಂದವರನ್ನು ಫೋಟೋಗಾಗಿ ಹೋದವರೆಂದು ಹಂಗಿಸುವುದು ಯಾವ ನ್ಯಾಯ?

ನಾವು ಎಫ್88ರಲ್ಲಿ ಆಸ್ಕ್ಯಾ ಜ್ವಾಲಾಮುಖಿಗೆ ಹೋದೆವು. ಚಂದ್ರನ ಮೇಲೆ ಹೋಗಬೇಕಿದ್ದ ಅಪೊಲೊ ಗಗನಯಾತ್ರಿಗಳನ್ನು 1965 ಮತ್ತು 1967ರಲ್ಲಿ ಭೂವಿಜ್ಞಾನದ ತರಬೇತಿಗೆ ಕರೆತಂದದ್ದು ಆ ಸೀಮೆಗೇ. ದಾರಿಯಲ್ಲಿ ಹೊಳೆಗಳನ್ನು ಕಾರಿನಲ್ಲೇ ದಾಟಬೇಕು, ಸೇತುವೆಗಳಿಲ್ಲ. ಸಾಮಾನ್ಯವಾಗಿ ಬಾಡಿಗೆ ಕಾರಿನ ವಿಮೆಗಳು ನೀರಿನ ಹಾನಿಯನ್ನು ಭರಿಸುವುದಿಲ್ಲ. ಎಂಜಿನ್ನಿಗೆ ನೀರು ನುಗ್ಗಿದರೆ ಎಂಜಿನ್ನಿನ ಬೆಲೆಯೂ ನಿಮ್ಮದೇ, ಅಲ್ಲಿಂದ ರೇಕ್ಯಾವಿಕ್‌ವರೆಗೆ ಎಳೆತರುವ ಖರ್ಚೂ ನಿಮ್ಮದೇ. ನಮ್ಮವರು ಮೊದಲ ಹೊಳೆಯಲ್ಲಿ ಇನ್ನೊಂದು ಜೀಪು ಬರುವವರೆಗೆ ಕಾದು, ಅದು ಯಾವ ಗೆರೆಯಲ್ಲಿ ಇಳಿದು ಎಲ್ಲಿ ಹತ್ತಿತೆಂದು ನೋಡಿಕೊಂಡು, ಲೋ ಗೇರಿನಲ್ಲಿ, ಎಲ್ಲಿಯೂ ನಿಲ್ಲಿಸದೆ, ನೀರು ಬಾನೆಟ್ಟಿನ ಮುಂದೆ ಅಲೆಯಾಗಿ ಸಾಗುವಷ್ಟು ಸಮ ವೇಗದಲ್ಲಿ ದಾಟಿಸಿದರು. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಹೊಳೆ ಏರುವುದರಿಂದ ಬೆಳಿಗ್ಗೆಯೇ ದಾಟುವುದು ಕ್ಷೇಮ. ಬಾಡಿಗೆ 2,240 ಯೂರೋ, ಡೀಸೆಲ್ ಬೇರೆ, ಒಂದು ಟೈರು ಹರಿದದ್ದಕ್ಕೆ 58,000 ಕ್ರೋನಾ, ಅಡಿಭಾಗಕ್ಕೆ ಕಲ್ಲು ಬಡಿದ ಗೀರಿಗೆ ಇನ್ನೂ 41,000. ಅಷ್ಟನ್ನೂ ಸಂತೋಷದಿಂದ ಕೊಟ್ಟಿದ್ದೇನೆ. 2014ರ ಆಗಸ್ಟ್‌ನಿಂದ 2015ರ ಫೆಬ್ರವರಿಯವರೆಗೆ ಉಕ್ಕಿ ಹರಿದ ಹೋಲುಹ್ರೋಯ್ನ್ ಲಾವಾದ ಅಂಚಿನಲ್ಲಿ, ಒಂದು ಹುಲ್ಲುಕಡ್ಡಿಯೂ ಇಲ್ಲದ ಕಪ್ಪು ನೆಲದಲ್ಲಿ ನಿಂತವರಿಗೆ 870 ಯೂರೋ ಉಳಿತಾಯದ ಕಥೆ ಹೇಳಬೇಡಿ.

ಬರ್ಲಿನ್‌ನಿಂದ ಬಸವನಗುಡಿ:
ಹತ್ತು ವರ್ಷದ ಮಗುವನ್ನೂ ಮೊಣಕಾಲು ನೋವಿನ ತಾಯಿಯನ್ನೂ ಕೂರಿಸಿಕೊಂಡು ಹೊಳೆ ದಾಟಿ ಎನ್ನುತ್ತಿದ್ದೀರಾ ಮೇಡಂ? ಅಂಚು ಎಂದು ನೀವು ಹೀಯಾಳಿಸಿದ ರಸ್ತೆ ಪೂರ್ತಿಯಾದದ್ದೇ 1974ರಲ್ಲಿ, ನದಿಗಳು ದಿಕ್ಕು ಬದಲಿಸುತ್ತಲೇ ಇರುವ ಆ ದಕ್ಷಿಣದ ಮರಳು ಬಯಲಿಗೆ ಸೇತುವೆ ಕಟ್ಟಿದ ಮೇಲೆ. ಅದನ್ನು ನೋಡುವುದೂ ಪ್ರವಾಸವೇ. ಪೂರ್ವದಲ್ಲಿ 939ನೇ ಸಂಖ್ಯೆಯ ಓಕ್ಸಿ ಘಟ್ಟವನ್ನೂ ನನ್ನ ಚಿಕ್ಕ ಕಾರು ಇಳಿದಿದೆ.

ಶಿರಸಿಯವಳು, ಮ್ಯೂನಿಕ್:
ಓಕ್ಸಿ ಕಡಿದಾದ ಜಲ್ಲಿ ರಸ್ತೆ, ತಡೆಬೇಲಿಯಿಲ್ಲ, ಮಂಜು ಕವಿದರೆ ಮುಂದಿನ ತಿರುವೇ ಕಾಣದು. ದಾರಿ ಹತ್ತಿರವೆಂಬ ಒಂದೇ ಕಾರಣಕ್ಕೆ ಫೋನಿನ ನಕ್ಷೆ ಎಲ್ಲರನ್ನೂ ಅತ್ತ ಅಟ್ಟುತ್ತದೆ. ನನಗೆ ಸುರಕ್ಷತೆಯ ಪಾಠ ಹೇಳುವವರು ಅಲ್ಲಿ ಹ್ಯಾಚ್‌ಬ್ಯಾಕ್ ಇಳಿಸಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾರೆ. ಹೊಳೆ ದಾಟಿರೆಂದು ಕೇಳಿದವರಿಗೆ ನಾನು ಎಲ್ಲಿಯೂ ಹೇಳಿಲ್ಲ, ನನ್ನ ಅನುಭವವನ್ನು ಬರೆದಿದ್ದೇನೆ.

ಡಬ್ಲಿನ್ ವಾಸಿ:
ಎಲ್ಲರಿಗೂ ಧನ್ಯವಾದಗಳು. ಹೊಳೆ ದಾಟುವ ಯೋಚನೆ ನಮಗಿಲ್ಲ. ಅಮ್ಮ ಹೆಚ್ಚು ನಡೆಯದೆ ನೋಡಬಹುದಾದ ಜಾಗಗಳು ಯಾವುವು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಮಲ್ಪೆ ಮೂಲ, ಲಂಡನ್:
ಕ್ಯಾಂಪರ್ ವ್ಯಾನ್ ತೆಗೆದುಕೊಳ್ಳಿ, ಅಡುಗೆಯ ಚಿಂತೆಯೂ ಇಲ್ಲ, ವಸತಿಯ ಚಿಂತೆಯೂ ಇಲ್ಲ ಎಂದು ನಮಗೂ ಹಲವರು ಹೇಳಿದ್ದರು. ಕಂಡಲ್ಲಿ ವ್ಯಾನ್ ನಿಲ್ಲಿಸಿ ಮಲಗುವಂತಿಲ್ಲ, ಗೊತ್ತುಪಡಿಸಿದ ಶಿಬಿರ ತಾಣಕ್ಕೇ ಹೋಗಿ ತಲೆಗೆ ಇಷ್ಟೆಂದು ಕೊಡಬೇಕು, ಸ್ನಾನದ ಬಿಸಿನೀರಿಗೆ ಕೆಲವೆಡೆ ಬೇರೆ ಕಾಸು. ನಮ್ಮ ವ್ಯಾನಿನ ಹೀಟರ್ ವೀಕ್ ಪಟ್ಟಣದಲ್ಲಿ ಕೈಕೊಟ್ಟಿತು. ಬಾಡಿಗೆಯವರಿಗೆ ಫೋನ್ ಮಾಡಿದರೆ ‘ಫ್ಯೂಸ್ ನೋಡಿ’ ಎಂದು ಹೇಳಿ ಇಟ್ಟರು. ಮಕ್ಕಳಿಗೆ ಎರಡೆರಡು ಸ್ವೆಟರ್ ಹಾಕಿ ಮಲಗಿಸಿದೆವು. ಹಿಂದಿರುಗಿಸುವಾಗ ಹೀಟರಿನ ಬಾಡಿಗೆ ಬಿಡಲಿಲ್ಲ, ‘ಒಳಗೆ ಮಸಾಲೆ ವಾಸನೆ’ ಎಂದು ಶುಚಿಗೊಳಿಸುವುದಕ್ಕೆ 30,000 ಕ್ರೋನಾ ಹಿಡಿದರು.

ಆದರೂ ದಕ್ಷಿಣ ಕರಾವಳಿ ಸಾಕು ಎಂಬುದೇ ನನ್ನ ಮಾತು. ರೇನಿಸ್‌ಫ್ಯಾರಾ ಎಂಬ ಕರಿಮರಳಿನ ತೀರದಲ್ಲಿ ಬಸಾಲ್ಟ್ ಎಂಬ ಕರಿ ಲಾವಾಕಲ್ಲಿನ ಕಂಬಗಳು ಜೋಡಿಸಿಟ್ಟಂತೆ ನಿಂತಿವೆ, ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಇರುವಂಥವೇ. ಅದಕ್ಕೂ ಪೂರ್ವಕ್ಕೆ ಹಸಿರು ಪಾಚಿಯ ಬಯಲು ಸಿಗುತ್ತದೆ. ನಾವು ಅದರ ಮೇಲೆ ಚಾಪೆ ಹಾಸಿಕೊಂಡು ಚಪಾತಿ ತಿಂದೆವು, ಮಕ್ಕಳು ಮನಸಾರೆ ಕುಣಿದರು.

ಕಲ್ಲು ಓದುವವನು, ಧಾರವಾಡ:
ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸೇಂಟ್ ಮೇರೀಸ್ ದ್ವೀಪದ ಕಂಬಗಳು ಬಸಾಲ್ಟ್ ಅಲ್ಲ. ಅವು ಸಿಲಿಕಾ ಹೆಚ್ಚಿರುವ, ರಯೋಲೈಟ್ ಮತ್ತು ಡೇಸೈಟ್ ಬಗೆಯ ಲಾವಾ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಎಂಟು ಕೋಟಿ ವರ್ಷಗಳಿಗೂ ಹಿಂದಿನದು. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಕಂಬಗಳಾಗುವ ಕ್ರಮ ಮಾತ್ರ ಎರಡೂ ಕಡೆ ಒಂದೇ. ನಮ್ಮ ರಾಜ್ಯದ ಬಸಾಲ್ಟ್ ಬೇಕಿದ್ದರೆ ವಿಜಯಪುರದ ಗೋಲಗುಮ್ಮಟವನ್ನು ಮುಟ್ಟಿ ನೋಡಿ.

ಎರಡನೆಯದು, ನೀವು ಚಾಪೆ ಹಾಸಿದ ಆ ಬಯಲು 1783ರಲ್ಲಿ ಲಾಕಿ ಎಂಬ ಜ್ವಾಲಾಮುಖಿ ಬಿರುಕಿನಿಂದ ಎಂಟು ತಿಂಗಳು ಹರಿದ ಲಾವಾ. ಅದರ ವಿಷಾನಿಲಕ್ಕೆ ಹುಲ್ಲು ಕೆಟ್ಟು, ಜಾನುವಾರು ಸತ್ತು, ಕ್ಷಾಮ ಬಂದು ಆ ನಾಡಿನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದರು. ಅದರ ಮೇಲೆ ಇಷ್ಟು ದಪ್ಪ ಪಾಚಿ ಬೆಳೆಯಲು ಶತಮಾನ ದಾಟಿದೆ. ಒಮ್ಮೆ ತುಳಿದು ಕಿತ್ತರೆ ಆ ಗುರುತು ದಶಕಗಳ ಕಾಲ ಉಳಿಯುತ್ತದೆ.

ಮಲ್ಪೆ ಮೂಲ, ಲಂಡನ್:
ನಮ್ಮೂರಿನ ದ್ವೀಪದ ವಿಷಯವನ್ನು ಧಾರವಾಡದವರಿಂದ ಕಲಿಯುವ ಕಾಲ ಬಂತು. ಅಲ್ಲಿ ನಾವೊಬ್ಬರೇ ಇರಲಿಲ್ಲ ಸ್ವಾಮಿ, ಬಸ್ಸಿನಲ್ಲಿ ಬಂದವರೆಲ್ಲ ಪಾಚಿಯ ಮೇಲೆ ಮಲಗಿಯೇ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಕಲ್ಲು ಓದುವವನು, ಧಾರವಾಡ:
ಬಸ್ಸಿನವರು ರೇನಿಸ್‌ಫ್ಯಾರಾದಲ್ಲಿ ಅಲೆಗೆ ಬೆನ್ನು ತಿರುಗಿಸಿಯೂ ನಿಲ್ಲುತ್ತಾರೆ. ಅಲ್ಲಿ ನಾಲ್ಕು ಅಲೆ ಶಾಂತವಾಗಿ ಬಂದು ಐದನೆಯದು ಕಂಬಗಳ ಬುಡದವರೆಗೂ ನುಗ್ಗಬಹುದು. ಪ್ರವಾಸಿಗರು ಸತ್ತಿದ್ದಾರೆ. ಎಚ್ಚರಿಕೆಯ ದೀಪ ಹಾಕಿರುವುದು ಅದಕ್ಕಾಗಿಯೇ.

ಆಮ್‌ಸ್ಟರ್‌ಡ್ಯಾಮ್ ಕನ್ನಡಿಗ:
ಪಾಚಿ, ಕಂಬ ಎಲ್ಲವೂ ಸರಿ, ವಿಮೆಯ ಪ್ರಶ್ನೆಗೆ ನಾನೊಬ್ಬನೇ ಉತ್ತರಿಸಿದ್ದೇನೆ. ಗಾಳಿಗೆ ಮುಖ ಮಾಡಿ ನಿಲ್ಲಿಸಬೇಕಿತ್ತು ಎಂದ ಬರ್ಲಿನ್‌ನವರೇ, ಅಲ್ಲಿ ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತದೆ ಎಂದು ನಿಮಗೆ ಹೇಳಿದವರು ಯಾರು?

ಬರ್ಲಿನ್‌ನಿಂದ ಬಸವನಗುಡಿ:
ಹವಾಮಾನ ಇಲಾಖೆಯ ಜಾಲತಾಣದಲ್ಲಿ ಗಾಳಿಯ ದಿಕ್ಕು, ವೇಗ ಎರಡೂ ಇರುತ್ತವೆ. ನಾನು ಪ್ರತಿ ಬೆಳಿಗ್ಗೆ ನೋಡುತ್ತಿದ್ದೆ. ವಿಮೆಯ ಬಗ್ಗೆ ಕೇಳಿ: ಜಲ್ಲಿಯದು ಬೇಕೇ ಬೇಕು, ಏಕೆಂದರೆ ಎದುರು ಬರುವ ಲಾರಿಯ ಚಕ್ರದಿಂದ ಸಿಡಿದ ಕಲ್ಲು ವಿಂಡ್‌ಶೀಲ್ಡಿಗೆ ಬಡಿಯದೆ ಇರುವುದು ಅದೃಷ್ಟ. ಮರಳು-ಬೂದಿಯ ವಿಮೆಯನ್ನು ದಕ್ಷಿಣಕ್ಕೆ ಹೋಗುವವರು ತೆಗೆದುಕೊಳ್ಳುವುದು ಒಳ್ಳೆಯದು. ಬಿರುಗಾಳಿಗೆ ಎದ್ದ ಕರಿಮರಳು ಕಾರಿನ ಒಂದು ಪಕ್ಕದ ಬಣ್ಣವನ್ನೇ ಉಜ್ಜಿ ತೆಗೆಯುತ್ತದೆ. ಬಾಗಿಲಿಗೆ ಸಾಮಾನ್ಯವಾಗಿ ವಿಮೆಯಿಲ್ಲ, ಎರಡು ಕೈಗಳೇ ವಿಮೆ.

ಆಮ್‌ಸ್ಟರ್‌ಡ್ಯಾಮ್ ಕನ್ನಡಿಗ:
ನನ್ನ ಹೆಂಡತಿಗೂ ಎರಡು ಕೈಗಳೇ ಇದ್ದವು. ನಾಲಗೆಗೆ ವಿಮೆಯಿದ್ದರೆ ನಿಮಗೇ ಮೊದಲು ಮಾಡಿಸಬೇಕು.

ರೇಕ್ಯಾವಿಕ್ ಅತ್ತಿಗೆ:
ನಾನು ಇಲ್ಲೇ ನೆಲೆಸಿದ್ದೇನೆ, ಪ್ರತಿ ಬೇಸಿಗೆಯಲ್ಲೂ ನೆಂಟರನ್ನು ಸುತ್ತಿಸುತ್ತೇನೆ. ಡಬ್ಲಿನ್ ತಮ್ಮನವರ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಸೇಲ್ಯಾಲಾಂಡ್ಸ್‌ಫಾಸ್ ಜಲಪಾತ ಕಾರಿನಲ್ಲಿ ಕುಳಿತೇ ಕಾಣುತ್ತದೆ, ಅದರ ಹಿಂಬದಿಗೆ ಹೋಗುವ ಮೆಟ್ಟಿಲು ಮಾತ್ರ ಒದ್ದೆ ಮತ್ತು ಜಾರು, ಅಮ್ಮನವರಿಗೆ ಬೇಡ. ಸ್ಕೋಗಾಫಾಸ್‌ನಲ್ಲಿ ಪಾರ್ಕಿಂಗಿನಿಂದ ಜಲಪಾತದ ಬುಡದವರೆಗೆ ಸಮತಟ್ಟು ನೆಲ. ಯೋಕುಲ್ಸಾರ್ಲೋನ್‌ನ ಮಂಜುಗಡ್ಡೆಗಳು ನಿಲ್ಲಿಸಿದ ಜಾಗದ ಎದುರಿಗೇ ತೇಲುತ್ತವೆ. ಈ ಮೂರಕ್ಕೂ ಚಿಕ್ಕ ಕಾರೇ ಸಾಕು. ಗ್ರಿಂಡಾವೀಕ್ ಕಡೆ ಹೋಗುವ ಆಸೆಯಿದ್ದರೆ ಆ ದಿನದ ಸೂಚನೆ ನೋಡದೆ ಹೊರಡಬೇಡಿ. 2023ರ ನವೆಂಬರಿನಲ್ಲಿ ಜ್ವಾಲಾಮುಖಿಯ ಭೀತಿಯಿಂದ ಊರನ್ನೇ ತೆರವು ಮಾಡಿಸಿದ ಮೇಲೆ ಅಲ್ಲಿ ನೆಲ ಮತ್ತೆ ಮತ್ತೆ ಬಿರಿದಿದೆ.

ಊಟದ ವಿಷಯ: ಸ್ಕೀರ್ ಎಂಬ ಗಟ್ಟಿ ಮೊಸರನ್ನು ಸಾಂಪ್ರದಾಯಿಕವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಎಲ್ಲ ತಯಾರಕರೂ ಹಾಗೆ ಮಾಡುವುದಿಲ್ಲ, ಡಬ್ಬಿಯ ಮೇಲಿನದನ್ನು ಓದಿ ಕೊಡಿ.

ಶಿರಸಿಯವಳು, ಮ್ಯೂನಿಕ್:
ಅಯ್ಯೋ, ನಮ್ಮ ಅತ್ತೆಯವರು ಪ್ರವಾಸದುದ್ದಕ್ಕೂ ದಿನವೂ ಅದನ್ನೇ ತಿಂದರು! ದಯವಿಟ್ಟು ಯಾವ ಕಂಪನಿಯದು ತಿನ್ನಬಹುದೆಂದು ಹೇಳಿ. ಬರ್ಲಿನ್‌ನವರು ಇದಕ್ಕೆ ಉತ್ತರಿಸುವ ಅಗತ್ಯವಿಲ್ಲ.